ಮೂರು ವಿಷಯಗಳಿಗೆ ಒಂದು ಪ್ರಶ್ನೆಪತ್ರಿಕೆ

ಕಳೆದ ಕೆಲವು ವರ್ಷಗಳಲ್ಲಿ ಕರ್ನಾಟಕದ ಪದವಿ ಶಿಕ್ಷಣದ ಚೌಕಟ್ಟು ಎರಡು ಸಲ ಬದಲಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಉನ್ನತ ಶಿಕ್ಷಣದಲ್ಲಿ ಎಲ್ಲರಿಗಿಂತ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. 2021–22ರಲ್ಲಿ ನಾಲ್ಕು ವರ್ಷದ ಆನರ್ಸ್, ಓಪನ್ ಎಲೆಕ್ಟಿವ್, ಕೌಶಲ ಪತ್ರಿಕೆಗಳು ಒಟ್ಟಿಗೇ ಕಾಲೇಜುಗಳಿಗೆ ಬಂದವು. ಆಮೇಲೆ ಸರ್ಕಾರ ಬದಲಾಯಿತು. ಯುಜಿಸಿಯ ಮಾಜಿ ಅಧ್ಯಕ್ಷ ಸುಖದೇವ್ ಥೋರಟ್ ಅವರ ನೇತೃತ್ವದಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯ ಮೇರೆಗೆ 2024–25ರಿಂದ ಮೂರು ವರ್ಷದ ಪದವಿ ಮರಳಿತು. ಈ ಎರಡೂ ಬದಲಾವಣೆಗಳ ಸುತ್ತ ನಡೆದ ಚರ್ಚೆ ಬಹುಮಟ್ಟಿಗೆ ವರ್ಷಗಳ ಲೆಕ್ಕದ್ದು, ಕ್ರೆಡಿಟ್‌ಗಳ ಲೆಕ್ಕದ್ದು, ಕೇಂದ್ರ ಮತ್ತು ರಾಜ್ಯಗಳ ಅಧಿಕಾರದ್ದು. ಅವೆಲ್ಲ ಮುಖ್ಯವೇ. ಆದರೆ ಒಬ್ಬಳು ವಿದ್ಯಾರ್ಥಿನಿ ಓದುವ ಬೇರೆ ಬೇರೆ ವಿಷಯಗಳು ಎಲ್ಲಿ, ಯಾರ ನೆರವಿನಿಂದ, ಯಾವ ಕೆಲಸದ ಮೂಲಕ ಒಂದನ್ನೊಂದು ಸಂಧಿಸಬೇಕು ಎಂಬ ಬಗ್ಗೆ ಎರಡೂ ಕಡೆಯವರು ಹೆಚ್ಚು ಮಾತಾಡಲಿಲ್ಲ. ಹಲವು ಜ್ಞಾನಶಾಖೆಗಳನ್ನು ಒಳಗೊಂಡ ಪದವಿಯೊಂದನ್ನು ಕಟ್ಟುವಾಗ ಮೊದಲು ಇತ್ಯರ್ಥವಾಗಬೇಕಾದ ಸಂಗತಿ ಅದೇ ಎಂಬುದು ನನ್ನ ವಾದ. ವಿಷಯಗಳ ಪಟ್ಟಿಯನ್ನು ಎಷ್ಟು ಉದ್ದ ಮಾಡಿದರೂ ಅಂಥ ಪದವಿ ಹುಟ್ಟುವುದಿಲ್ಲ. ಆ ವಿಷಯಗಳನ್ನೆಲ್ಲ ಒಟ್ಟಿಗೆ ಬಳಸದೆ ಉತ್ತರಿಸಲಾಗದ ಪ್ರಶ್ನೆಯೊಂದು ಪಠ್ಯಕ್ರಮದೊಳಗೆ, ಅದಕ್ಕಿಂತಲೂ ಹೆಚ್ಚಾಗಿ ಪರೀಕ್ಷೆಯೊಳಗೆ, ಇರಬೇಕು.

ಹಲವು ವಿಷಯಗಳ ಪದವಿ ನಮಗೆ ಹೊಸತಲ್ಲ. ಪಿಸಿಎಂ, ಸಿಬಿಜೆಡ್, ಎಚ್‌ಇಪಿ ಎಂಬ ಕಾಂಬಿನೇಷನ್‌ಗಳ ಹೆಸರು ಕಾಲೇಜಿಗೆ ಮಕ್ಕಳನ್ನು ಕಳಿಸಿದ ಪ್ರತಿ ಮನೆಗೂ ಗೊತ್ತು. ದೆಹಲಿಯಲ್ಲಿ ಒಂದೇ ವಿಷಯದ ಆನರ್ಸ್ ಪದವಿಗೆ ಪ್ರತಿಷ್ಠೆಯಿದ್ದಾಗ ನಮ್ಮ ವಿಶ್ವವಿದ್ಯಾಲಯಗಳು ಮೂರು ಐಚ್ಛಿಕ ವಿಷಯಗಳಿಗೆ ಸರಿಸಮ ತೂಕ ಕೊಡುವ ಪದವಿಯನ್ನು ದಶಕಗಳ ಕಾಲ ನಡೆಸಿಕೊಂಡು ಬಂದವು. ಹಾಗಿದ್ದೂ ಆ ಮೂರು ವಿಷಯಗಳು ಒಂದೇ ವಠಾರದಲ್ಲಿದ್ದು ಮಾತು ಬಿಟ್ಟ ಮನೆಗಳಂತೆ ಉಳಿದುಬಿಟ್ಟವು. ಪಿಸಿಎಂ ವಿದ್ಯಾರ್ಥಿಯ ನೋಟ್‌ಬುಕ್ಕುಗಳನ್ನು ತೆರೆದರೆ ಇದು ಕಣ್ಣಿಗೆ ರಾಚುತ್ತದೆ. ಭೌತಶಾಸ್ತ್ರದ ನೋಟ್ಸಿನಲ್ಲಿ ವಿಕಿರಣಶೀಲ ಧಾತುವಿನ ಕ್ಷಯದ ನಿಯಮವಿದೆ. ಅಲ್ಲಿನ ಸ್ಥಿರಾಂಕ ಲ್ಯಾಂಬ್ಡಾ. ರಸಾಯನಶಾಸ್ತ್ರದ ನೋಟ್ಸಿನಲ್ಲಿ ಫಸ್ಟ್ ಆರ್ಡರ್ ರಿಯಾಕ್ಷನ್ ಇದೆ. ಅಲ್ಲಿನ ಸ್ಥಿರಾಂಕ ‘ಕೆ’. ಗಣಿತದ ನೋಟ್ಸಿನಲ್ಲಿ ಅತಿ ಸರಳವಾದ ಅವಕಲ ಸಮೀಕರಣವೊಂದನ್ನು ಬಿಡಿಸಿದ್ದಾರೆ. ಅದಕ್ಕೆ ಯಾವ ವಸ್ತುವಿನ ಹೆಸರೂ ಇಲ್ಲ. ಈ ಮೂರೂ ಒಂದೇ ಸಮೀಕರಣ. ಇರುವುದು ಎಷ್ಟೋ ಅಷ್ಟಕ್ಕೆ ತಕ್ಕ ವೇಗದಲ್ಲಿ ಕಡಿಮೆಯಾಗುವ ಯಾವುದೇ ವಸ್ತು ಹಾಗೆಯೇ ನಡೆದುಕೊಳ್ಳುತ್ತದೆ, ಅರ್ಧಾಯುವಿನ ಲೆಕ್ಕ ಮೂರು ಕಡೆಯೂ ಒಂದೇ. ಹೊಳೆಯುವ ಹುಡುಗರಿಗೆ ಅದು ತಾನಾಗಿ ಹೊಳೆಯುತ್ತದೆ. ಉಳಿದವರು ಮೂರು ಸೂತ್ರಗಳನ್ನು ಮೂರು ಪರೀಕ್ಷೆಗಳಿಗೆ ಬೇರೆ ಬೇರೆಯಾಗಿ ಬಾಯಿಪಾಠ ಮಾಡಿ ಬರೆದು ಬರುತ್ತಾರೆ. ಇದನ್ನು ಹೇಳಿಕೊಡುವುದು ಯಾರ ಸಿಲಬಸ್ಸಿನಲ್ಲೂ ಇಲ್ಲವಾದ್ದರಿಂದ ಯಾರ ಹೊಣೆಯೂ ಆಗುವುದಿಲ್ಲ.

ಎಚ್‌ಇಪಿಯಲ್ಲೂ ಇದೇ ಕತೆ. ಇತಿಹಾಸದಲ್ಲಿ 1793ರ ಕಾಯಂ ಜಮೀನ್ದಾರಿ ಪದ್ಧತಿ ಬರುತ್ತದೆ, ಕಾರ್ನ್‌ವಾಲಿಸ್ ಹೆಸರು ಬರುತ್ತದೆ. ಅರ್ಥಶಾಸ್ತ್ರದಲ್ಲಿ ರಿಕಾರ್ಡೊನ ಗೇಣಿ ಸಿದ್ಧಾಂತವಿದೆ. ರಾಜ್ಯಶಾಸ್ತ್ರದಲ್ಲಿ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ 1978ರ 44ನೇ ತಿದ್ದುಪಡಿಯ ಮೂಲಕ ಹೊರಬಿದ್ದದ್ದನ್ನು ಓದುತ್ತಾರೆ. ಭೂಮಿ ಯಾರದು, ಅದರ ಫಲ ಯಾರಿಗೆ, ಅದನ್ನು ಪಡೆಯುವ ಅಥವಾ ಕಿತ್ತುಕೊಳ್ಳುವ ಅಧಿಕಾರ ಯಾರಿಗೆ ಎಂಬ ಒಂದೇ ವಿಚಾರದ ಮೂರು ಮುಖಗಳಿವು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಈ ಮೂರನ್ನೂ ಒಂದೇ ಕಡೆ ತಂದಿತ್ತು. ಗೇಣಿದಾರ ಫಾರಂ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತಾಗ ಅಲ್ಲಿ ಹಳೆಯ ಹಿಡುವಳಿಯ ಇತಿಹಾಸ, ಗೇಣಿಯ ಅರ್ಥಶಾಸ್ತ್ರ, ಹಕ್ಕಿನ ರಾಜಕಾರಣ ಮೂರೂ ಒಟ್ಟಿಗೇ ತೀರ್ಮಾನಕ್ಕೆ ಬರುತ್ತಿದ್ದವು. ದಕ್ಷಿಣ ಕನ್ನಡದ, ಉತ್ತರ ಕನ್ನಡದ, ಶಿವಮೊಗ್ಗದ ಎಷ್ಟೋ ವಿದ್ಯಾರ್ಥಿಗಳ ಮನೆಯ ಈಗಿನ ಸ್ಥಿತಿಗೆ ಆ ಒಂದು ಫಾರಮ್ಮೇ ಕಾರಣ. 2020ರ ತಿದ್ದುಪಡಿ ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳಲು ದಾರಿ ಬಿಟ್ಟ ಮೇಲಂತೂ ಅದು ಇವತ್ತಿನ ಸುದ್ದಿಯೂ ಹೌದು. ಮೂರು ವರ್ಷ ಎಚ್‌ಇಪಿ ಓದಿದವರನ್ನು ಈ ಬಗ್ಗೆ ಒಂದೇ ಒಂದು ಉದ್ದನೆಯ ಉತ್ತರ ಬರೆಯಿರಿ ಎಂದು ಕೇಳುವ ಪತ್ರಿಕೆ ಮಾತ್ರ ಆ ಪದವಿಯಲ್ಲಿರಲಿಲ್ಲ. ಇರಲಿಲ್ಲ ಯಾಕೆಂದರೆ ಇತಿಹಾಸದ ಅಧ್ಯಯನ ಮಂಡಳಿ ಇತಿಹಾಸದ ಪತ್ರಿಕೆಯನ್ನೂ ಅರ್ಥಶಾಸ್ತ್ರದ ಮಂಡಳಿ ಅರ್ಥಶಾಸ್ತ್ರದ ಪತ್ರಿಕೆಯನ್ನೂ ಸಿದ್ಧಪಡಿಸುತ್ತವೆ; ಎರಡರ ನಡುವಿನ ಜಾಗಕ್ಕೆ ಮಂಡಳಿಯಿಲ್ಲ.

ರಾಷ್ಟ್ರೀಯ ಶಿಕ್ಷಣ ನೀತಿ ಈ ಕೊರತೆಯನ್ನು ಗುರುತಿಸಿತು, ಅದಕ್ಕಾಗಿ ಅದಕ್ಕೆ ಮನ್ನಣೆ ಸಲ್ಲಬೇಕು. ಆದರೆ ಅದು ಸೂಚಿಸಿದ ಮದ್ದು ಆಯ್ಕೆಯ ಹೆಚ್ಚಳ. 2022ರ ಡಿಸೆಂಬರಿನಲ್ಲಿ ಯುಜಿಸಿ ಹೊರಡಿಸಿದ ಕ್ರೆಡಿಟ್ ಚೌಕಟ್ಟನ್ನು ನೋಡಿ. ಮೂರು ವರ್ಷದ ಪದವಿಗೆ ಬೇಕಾದ 120 ಕ್ರೆಡಿಟ್‌ಗಳಲ್ಲಿ 60 ಮೇಜರ್ ವಿಷಯಕ್ಕೆ, 24 ಮೈನರ್‌ಗೆ, ಬಹುಶಿಸ್ತೀಯ ಪತ್ರಿಕೆಗಳಿಗೆ 9. ಈ ಒಂಬತ್ತು ಕ್ರೆಡಿಟ್ ಎಂದರೆ ಮೂರು ಕ್ರೆಡಿಟ್‌ಗಳ ಮೂರು ಪರಿಚಯಾತ್ಮಕ ಪತ್ರಿಕೆಗಳು. ರಸಾಯನಶಾಸ್ತ್ರದ ವಿದ್ಯಾರ್ಥಿ ಒಂದು ಸೆಮಿಸ್ಟರ್ ಸಮಾಜಶಾಸ್ತ್ರದ ಪರಿಚಯ ಓದುತ್ತಾನೆ, ಮುಂದಿನ ಸೆಮಿಸ್ಟರ್ ವ್ಯವಹಾರ ನಿರ್ವಹಣೆಯದ್ದು ಓದುತ್ತಾನೆ. ಎರಡನ್ನೂ ತನ್ನ ರಸಾಯನಶಾಸ್ತ್ರದ ಜೊತೆ ತಾಳೆ ನೋಡುವ ಸಂದರ್ಭ ಎಲ್ಲೂ ಬರುವುದಿಲ್ಲ. ಕಾಲೇಜುಗಳಲ್ಲಿ ನಡೆದದ್ದೂ ಹಾಗೆಯೇ: ಯಾವ ಓಪನ್ ಎಲೆಕ್ಟಿವ್ ಸಿಗುತ್ತದೆ ಎಂಬುದನ್ನು ವಿದ್ಯಾರ್ಥಿಯ ಕುತೂಹಲಕ್ಕಿಂತ ಯಾವ ವಿಭಾಗದವರಿಗೆ ವರ್ಕ್‌ಲೋಡ್ ಕಡಿಮೆ ಬಿದ್ದಿದೆ, ಯಾವ ಕೊಠಡಿ ಖಾಲಿಯಿದೆ ಎಂಬುದೇ ಬಹಳ ಕಡೆ ನಿರ್ಧರಿಸಿತು. ಇದಕ್ಕೂ ಮೊದಲು ದೆಹಲಿ ವಿಶ್ವವಿದ್ಯಾಲಯ 2013ರಲ್ಲಿ ನಾಲ್ಕು ವರ್ಷದ ಪದವಿಯನ್ನು ತಂದು, ಎಲ್ಲ ವಿದ್ಯಾರ್ಥಿಗಳಿಗೂ 11 ಫೌಂಡೇಶನ್ ಪತ್ರಿಕೆಗಳನ್ನು ಕಡ್ಡಾಯ ಮಾಡಿ, ಮರುವರ್ಷವೇ ಅದನ್ನು ಕೈಬಿಡಬೇಕಾಯಿತು. ಆ ಸೋಲಿಗೆ ರಾಜಕೀಯ ಕಾರಣಗಳೂ ಇದ್ದವು. ಆದರೆ ವಿಜ್ಞಾನದವರಿಗೂ ಕಲೆಯವರಿಗೂ ಒಂದೇ ಅಳತೆಯ ಪತ್ರಿಕೆ ಕೊಟ್ಟಾಗ ಅದು ಒಬ್ಬರಿಗೆ ಹೈಸ್ಕೂಲಿನ ಪುನರಾವರ್ತನೆಯಾಗಿ, ಇನ್ನೊಬ್ಬರಿಗೆ ಕಬ್ಬಿಣದ ಕಡಲೆಯಾಗಿ ಕಂಡಿತೆಂಬ ಅಲ್ಲಿನ ಅಧ್ಯಾಪಕರ ಆಕ್ಷೇಪವನ್ನು ಪದವಿ ರೂಪಿಸುವವರು ಮರೆಯಬಾರದು.

ಹಾಗಾದರೆ ವಿಷಯಗಳು ನಿಜಕ್ಕೂ ಸಂಧಿಸಿದ ಪದವಿಗಳು ಎಲ್ಲಾದರೂ ಇದ್ದವೇ? ಇದ್ದವು, ಮತ್ತು ಅವುಗಳ ಏಳುಬೀಳಿನಲ್ಲಿ ನಮಗೆ ಪಾಠವಿದೆ. ಆಕ್ಸ್‌ಫರ್ಡ್‌ನಲ್ಲಿ 1920ರ ಸುಮಾರಿಗೆ ಶುರುವಾದ ಪಿಪಿಇ, ಅಂದರೆ ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳ ಪದವಿ, ಎಲ್ಲಕ್ಕಿಂತ ಪ್ರಸಿದ್ಧ. ಆಧುನಿಕ ಸಮಾಜವನ್ನು ಅರ್ಥಮಾಡಿಕೊಳ್ಳಲು ಈ ಮೂರೂ ಬೇಕು ಎಂಬ ಸ್ಪಷ್ಟ ಕಾರಣ ಅದಕ್ಕಿತ್ತು. ನೂರು ವರ್ಷ ಬಾಳಿದೆ. ಆದರೂ ಮೊದಲ ವರ್ಷದ ಬಳಿಕ ಒಂದು ವಿಷಯವನ್ನು ಬಿಡಲು ಅವಕಾಶ ಸಿಕ್ಕ ಮೇಲೆ ಬಹಳ ಮಂದಿ ಬಿಡುತ್ತಾರೆ. ಮೂರನ್ನೂ ಜೋಡಿಸುವ ಕೆಲಸ ಟ್ಯುಟೋರಿಯಲ್ ಕೊಠಡಿಯ ಅದೃಷ್ಟಕ್ಕೆ ಬಿಟ್ಟದ್ದು. ಇದಕ್ಕೆ ಪೂರ್ತಿ ಎದುರಿನ ಪ್ರಯೋಗ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡರ್ ಮೈಕಲ್‌ಜಾನ್ ನಡೆಸಿದ್ದು. 1927ರಲ್ಲಿ ತೆರೆದ ಅವರ ಎಕ್ಸ್‌ಪೆರಿಮೆಂಟಲ್ ಕಾಲೇಜಿನಲ್ಲಿ ಪ್ರತ್ಯೇಕ ವಿಷಯಗಳೇ ಇರಲಿಲ್ಲ. ಮೊದಲ ವರ್ಷ ಎಲ್ಲರೂ ಪ್ರಾಚೀನ ಅಥೆನ್ಸ್ ನಗರವನ್ನು, ಎರಡನೆಯ ವರ್ಷ ಅಮೆರಿಕವನ್ನು ಓದಬೇಕು. ಅಲ್ಲಿನ ರಾಜಕೀಯ, ವಿಜ್ಞಾನ, ಕಲೆ, ಆರ್ಥಿಕತೆ ಎಲ್ಲವೂ ಆ ಒಂದು ಸಮಾಜವನ್ನು ಅರಿಯುವ ದಾರಿಗಳು. ಎಷ್ಟು ಸುಂದರವಾದ ಕಲ್ಪನೆ ಇದು! 1932ರಲ್ಲಿ ಮುಚ್ಚಿತು. ಸೇರುವವರು ಕಡಿಮೆಯಾದರು, ಆರ್ಥಿಕ ಮುಗ್ಗಟ್ಟು ಬಂತು, ಉಳಿದ ವಿಭಾಗಗಳ ವಿಶ್ವಾಸ ಅದಕ್ಕೆ ಸಿಗಲೇ ಇಲ್ಲ. ಅವರ ಶಿಷ್ಯ ಜೋಸೆಫ್ ಟಸ್‌ಮನ್ 1965ರಲ್ಲಿ ಬರ್ಕ್ಲಿಯಲ್ಲಿ ಅದನ್ನೇ ಮತ್ತೆ ಪ್ರಯತ್ನಿಸಿದಾಗ ದೊಡ್ಡ ತೊಡಕಾದದ್ದು ಅಧ್ಯಾಪಕರದ್ದು. ಅವರನ್ನು ವಿಭಾಗಗಳಿಂದ ಎರವಲು ತರಬೇಕಿತ್ತು. ವಿಭಾಗದಲ್ಲಿ ಭವಿಷ್ಯವಿರುವವರು ಬಂದು ನೆಲೆ ನಿಲ್ಲುವಂತಿರಲಿಲ್ಲ. ನಾಲ್ಕೇ ವರ್ಷಕ್ಕೆ ಅದೂ ನಿಂತಿತು. ಆದರೆ ವಾಷಿಂಗ್ಟನ್ ರಾಜ್ಯದಲ್ಲಿ 1971ರಲ್ಲಿ ತೆರೆದ ಎವರ್‌ಗ್ರೀನ್ ಸ್ಟೇಟ್ ಕಾಲೇಜು ಇದೇ ವಿಚಾರವನ್ನು ಎತ್ತಿಕೊಂಡು ಮುಂದುವರಿಸಿತು, ಯಾಕೆಂದರೆ ಅಲ್ಲಿ ಮೊದಲ ದಿನದಿಂದಲೇ ಬೇರೆ ಬೇರೆ ಶಾಸ್ತ್ರಗಳ ಇಬ್ಬರು ಮೂವರು ಅಧ್ಯಾಪಕರು ಒಂದೇ ತರಗತಿಯನ್ನು ಒಟ್ಟಿಗೆ ನಡೆಸುವುದೇ ಅವರ ಪೂರ್ಣಾವಧಿ ಕೆಲಸ ಎಂದು ಗೊತ್ತುಮಾಡಲಾಗಿತ್ತು. ಅಮೆರಿಕದ ಈ ಮೂರು ಪ್ರಯೋಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟ. ಕಲ್ಪನೆ ಎಷ್ಟೇ ಒಳ್ಳೆಯದಿರಲಿ, ಅಧ್ಯಾಪಕರ ಗಂಟೆಗಳ ಲೆಕ್ಕದಲ್ಲಿ ಅದಕ್ಕೆ ಜಾಗ ಸಿಗದಿದ್ದರೆ ಅದು ನಿಲ್ಲುವುದಿಲ್ಲ.

ಈಗ ನಮ್ಮ ನೆಲದಲ್ಲಿ ಅಂಥ ಪದವಿಯನ್ನು ಯಾವುದರ ಸುತ್ತ ಕಟ್ಟಬಹುದು ಎಂದು ನೋಡೋಣ. ಅಥೆನ್ಸಿನ ಅಗತ್ಯ ನಮಗಿಲ್ಲ. ಕೋಲಾರ ಜಿಲ್ಲೆಯ ಒಂದು ಕೆರೆ ಸಾಕು. ವರ್ಷವಿಡೀ ಹರಿಯುವ ನದಿಯಿಲ್ಲದ ಆ ಜಿಲ್ಲೆ ಸಾವಿರಾರು ಕೆರೆಗಳನ್ನು ಕಟ್ಟಿಕೊಂಡು ಬದುಕಿತು. 2018ರಿಂದ ಆ ಕೆರೆಗಳಿಗೆ ಬೆಂಗಳೂರಿನ ಚರಂಡಿ ನೀರು ಸಂಸ್ಕರಣೆಗೊಂಡು ಬರುತ್ತಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಹೆಸರಿನಿಂದ ಕೆ.ಸಿ. ವ್ಯಾಲಿ ಎಂದು ಕರೆಸಿಕೊಂಡ ಈ ಯೋಜನೆಯ ಉದ್ದೇಶ ದಿನಕ್ಕೆ 440 ದಶಲಕ್ಷ ಲೀಟರ್ ನೀರನ್ನು ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬಿ ಅಂತರ್ಜಲ ಮೇಲೇರಿಸುವುದು. ವಿವಾದ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ನೀರು ಎರಡನೆಯ ಹಂತದವರೆಗೆ ಮಾತ್ರ ಶುದ್ಧಗೊಂಡದ್ದು. ಸಾರಜನಕ, ರಂಜಕದಂಥವು ಅದರಲ್ಲಿ ಉಳಿದಿರಬಹುದು, ಮೂರನೆಯ ಹಂತದ ಶುದ್ಧೀಕರಣ ಬೇಕು ಎಂಬುದು ಒಂದು ಕಡೆಯ ವಾದ. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಬಂದದ್ದನ್ನು ಕಣ್ಣಾರೆ ಕಂಡಿದ್ದೇವೆ ಎಂಬುದು ಇನ್ನೊಂದು ಕಡೆಯ ಅನುಭವ. ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಯಾವ ಒಂದು ವಿಭಾಗವೂ ಉತ್ತರ ಕೊಡಲಾರದು. ನೀರಿನಲ್ಲಿ ಏನಿದೆ ಎಂಬುದನ್ನು ರಸಾಯನಶಾಸ್ತ್ರ ಹೇಳಬೇಕು. ಅದು ಗಟ್ಟಿ ಬಂಡೆಯ ಬಿರುಕುಗಳಲ್ಲಿ ಎಷ್ಟು ಆಳಕ್ಕೆ, ಎಷ್ಟು ಕಾಲದಲ್ಲಿ ಇಳಿಯುತ್ತದೆ ಎಂಬುದನ್ನು ಭೂವಿಜ್ಞಾನ ಹೇಳಬೇಕು. ಆಳದ ಕೊಳವೆಬಾವಿಗಳ ಫ್ಲೋರೈಡ್ ಮಕ್ಕಳ ಹಲ್ಲನ್ನೂ ಮೂಳೆಯನ್ನೂ ಕೆಡಿಸಿದ ಜಿಲ್ಲೆಯಲ್ಲಿ, ಅಂತರ್ಜಲ ಮೇಲೇರಿದರೆ ಫ್ಲೋರೈಡ್ ಪ್ರಮಾಣಕ್ಕೆ ಏನಾಗುತ್ತದೆ ಎಂಬುದು ಆರೋಗ್ಯದ ಪ್ರಶ್ನೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಇರುವಾಗ ಮೇಲೇರಿದ ನೀರನ್ನು ಯಾರು ಎಷ್ಟು ಎತ್ತುತ್ತಾರೆ, ಅದು ಟೊಮೆಟೊಗೆ ಹೋಗುತ್ತದೋ ಹಿಪ್ಪುನೇರಳೆಗೋ ಎಂಬುದು ಅರ್ಥಶಾಸ್ತ್ರದ್ದು. ಕೆರೆಯಿಂದ ನೇರವಾಗಿ ಮೋಟಾರ್ ಇಟ್ಟು ನೀರೆತ್ತಬಾರದು ಎಂಬ ನಿಯಮವನ್ನು ಹಳ್ಳಿಯಲ್ಲಿ ಪಾಲಿಸುವವರು ಯಾರು, ಮುರಿಯುವವರು ಯಾರು ಎಂಬುದು ಸಮಾಜಶಾಸ್ತ್ರದ್ದು.

ಇಷ್ಟು ವರ್ತಮಾನವಾಯಿತು. ಅದೇ ಕೆರೆಯ ಏರಿಯ ಮೇಲೆ ನಿಂತರೆ ಇತಿಹಾಸವೂ ಕಾಲಿಗೆ ತಾಗುತ್ತದೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಪೂರ್ತಿ ಕೋಲಾರದ ಶಾಸನಗಳದ್ದು. ಕೆರೆ ಕಟ್ಟಿಸಿದವರಿಗೆ, ಅದರ ಹೂಳು ತೆಗೆಸುವವರಿಗೆ ಭೂಮಿಯನ್ನೋ ಫಸಲಿನ ಪಾಲನ್ನೋ ಬಿಟ್ಟುಕೊಟ್ಟ ಬಿತ್ತುವಟ್ಟ, ಕಟ್ಟುಗೊಡಗೆಯ ದತ್ತಿಗಳು ಈ ಸೀಮೆಯ ಶಾಸನಗಳಲ್ಲಿ ಸಿಗುತ್ತವೆ. ಒಂದು ಸಮುದಾಯ ನಿರ್ವಹಣೆಯ ಖರ್ಚನ್ನು ಹೇಗೆ ಹೊಂದಿಸುತ್ತಿತ್ತು ಎಂಬ ಅರ್ಥಶಾಸ್ತ್ರದ ಪ್ರಶ್ನೆಗೆ ಹಳಗನ್ನಡ ಬಲ್ಲವರು ಮಾತ್ರ ಓದಬಲ್ಲ ದಾಖಲೆಗಳಿವು. ತೂಬು ತೆರೆದು ಅಚ್ಚುಕಟ್ಟಿಗೆ ನೀರು ಹಂಚುತ್ತಿದ್ದ ನೀರುಗಂಟಿಯ ಕೆಲಸ ಯಾವ ಜಾತಿಯವರದು, ಅವರಿಗೆ ಆ ನೀರಿನಲ್ಲಿ ಪಾಲಿತ್ತೇ ಎಂದು ಕೇಳಿದರೆ ಹಳೆಯ ವ್ಯವಸ್ಥೆಯ ಬಗ್ಗೆ ನಾವಿಟ್ಟುಕೊಂಡ ಭಕ್ತಿಯೂ ಪರೀಕ್ಷೆಗೊಳಗಾಗುತ್ತದೆ. ‘ಕೆರೆಗೆ ಹಾರ’ದ ಭಾಗೀರಥಿಯ ಕತೆಯನ್ನು ಜನಪದ ಸಾಹಿತ್ಯದ ಪತ್ರಿಕೆಯಲ್ಲಿ ಕರುಣರಸಕ್ಕೆ ಉದಾಹರಣೆಯಾಗಿ ಓದುವ ಬದಲು, ನೀರಿಗಾಗಿ ಊರು ಯಾರನ್ನು ಬಲಿ ಕೇಳುತ್ತದೆ ಎಂಬ ಪ್ರಶ್ನೆಯಾಗಿ ಓದಿದರೆ ಸಾಹಿತ್ಯದ ಅಧ್ಯಾಪಕರಿಗೂ ಇಲ್ಲಿ ಅಲಂಕಾರಕ್ಕಲ್ಲದ ಕೆಲಸವಿದೆ. ಇನ್ನು 1892ರ ಮದ್ರಾಸ್–ಮೈಸೂರು ಒಪ್ಪಂದ. ಪಾಲಾರ್‌ನಂಥ ನದಿಗಳ ಮೇಲ್ಭಾಗದಲ್ಲಿ ಮದ್ರಾಸಿನ ಸಮ್ಮತಿಯಿಲ್ಲದೆ ಮೈಸೂರು ಹೊಸ ನೀರಾವರಿ ಕಾಮಗಾರಿ ಕೈಗೊಳ್ಳದಂತೆ ಅದು ತಡೆದಿತ್ತು. ಕೋಲಾರದ ಬಾಯಾರಿಕೆಯ ಕಾನೂನಿನ ಬೇರು ಅಲ್ಲಿದೆ. ಹೀಗೆ ಒಂದು ಕೆರೆಯ ಸುತ್ತ ಏಳೆಂಟು ಶಾಸ್ತ್ರಗಳು ಬಂದು ನಿಲ್ಲುತ್ತವೆ, ಮತ್ತು ಅವು ಸುಮ್ಮನೆ ನಿಲ್ಲುವುದಿಲ್ಲ, ಜಗಳಾಡುತ್ತವೆ. ನೀರು ಸುರಕ್ಷಿತ ಎಂದು ಪ್ರಯೋಗಾಲಯದ ವರದಿ ಹೇಳಿದರೂ ರೈತರು ಯಾಕೆ ನಂಬುವುದಿಲ್ಲ. ರೈತರು ತೃಪ್ತರಾಗಿದ್ದರೂ ಪ್ರಯೋಗಾಲಯ ಯಾಕೆ ಎಚ್ಚರಿಸುತ್ತದೆ. ಒಂದು ಶಾಸ್ತ್ರ ಸಾಕ್ಷ್ಯ ಎಂದು ಒಪ್ಪುವುದನ್ನು ಇನ್ನೊಂದು ಯಾಕೆ ಒಪ್ಪುವುದಿಲ್ಲ ಎಂದು ತಿಳಿಯುವುದೇ ಈ ಶಿಕ್ಷಣದ ತಿರುಳು. ಮೂರು ಕ್ರೆಡಿಟ್ಟಿನ ಪರಿಚಯ ಪತ್ರಿಕೆಯಲ್ಲಿ ಅದು ಎಂದೂ ಸಿಗದು.

ಇಲ್ಲಿ ಗಂಭೀರವಾದ ಆಕ್ಷೇಪವೊಂದು ಏಳುತ್ತದೆ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತಿಳಿದವರು ಯಾವುದರಲ್ಲೂ ನೆಲೆ ನಿಲ್ಲುವುದಿಲ್ಲ; ಮೊದಲು ಒಂದು ಶಾಸ್ತ್ರವನ್ನು ಗಟ್ಟಿಯಾಗಿ ಕಲಿಯಲಿ, ಆಮೇಲೆ ಎಂ.ಎ. ಮಾಡುವಾಗಲೋ ಸಂಶೋಧನೆಯಲ್ಲೋ ಗಡಿ ದಾಟಲಿ ಎನ್ನುತ್ತಾರೆ. ಅವರು ಡಿ.ಡಿ. ಕೊಸಂಬಿಯವರ ಉದಾಹರಣೆ ಕೊಡಬಹುದು. ಕೊಸಂಬಿ ಗಣಿತಜ್ಞರು, ಪ್ರಾಚೀನ ಬೆಳ್ಳಿ ನಾಣ್ಯಗಳ ತೂಕಕ್ಕೆ ಸಂಖ್ಯಾಶಾಸ್ತ್ರವನ್ನು ಅನ್ವಯಿಸಿ, ಚಲಾವಣೆಯಲ್ಲಿ ಸವೆದ ನಾಣ್ಯಗಳಿಂದ ಅವುಗಳ ಕಾಲಕ್ರಮವನ್ನು ಹುಡುಕಿದರು, ಆ ದಾರಿಯಲ್ಲೇ ಇತಿಹಾಸಕ್ಕೆ ಬಂದರು. ಗಣಿತದ ಆಳವಿಲ್ಲದಿದ್ದರೆ ಅದು ಆಗುತ್ತಿರಲಿಲ್ಲ. ಈ ಆಕ್ಷೇಪದ ಅರ್ಧವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದ್ದರಿಂದಲೇ ಇಂಥ ಪದವಿಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ತವರು ಶಾಸ್ತ್ರ ಇರಲೇಬೇಕು, ಒಟ್ಟು ಕೆಲಸದ ಅರ್ಧದಷ್ಟಾದರೂ ಅದರಲ್ಲೇ ಆಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಶುರು ಮಾಡಿದ ನಾಲ್ಕು ವರ್ಷದ ಪದವಿ ಈ ಸಮತೋಲವನ್ನು ಚೆನ್ನಾಗಿ ಹಿಡಿದಿದೆ. ಮೊದಲ ಮೂರು ಸೆಮಿಸ್ಟರ್‌ಗಳಲ್ಲಿ ಗಣಿತದ ಒಲವಿನವರೂ ಜೀವವಿಜ್ಞಾನ ಓದಬೇಕು, ಜೀವವಿಜ್ಞಾನಕ್ಕೆಂದು ಬಂದವರೂ ಗಣಿತ ಮಾಡಬೇಕು. ಮಾನವಿಕ ವಿಷಯಗಳೂ ಜೊತೆಗಿರುತ್ತವೆ. ಆಮೇಲೆ ಒಂದು ಮೇಜರ್, ಕೊನೆಯ ವರ್ಷ ಸಂಶೋಧನೆ. ಆಕ್ಷೇಪದ ಇನ್ನರ್ಧವನ್ನು ಒಪ್ಪಲಾರೆ. ಆಮೇಲೆ ಗಡಿ ದಾಟಲಿ ಎಂದರೆ ಪದವಿಯ ನಂತರ ಓದು ಮುಂದುವರಿಸುವವರಿಗೆ ಮಾತ್ರ ಆ ಅವಕಾಶ. ನಮ್ಮ ಪದವೀಧರರಲ್ಲಿ ಬಹುಪಾಲು ಮಂದಿಗೆ ಕಾಲೇಜೇ ಕೊನೆಯ ತರಗತಿ. ಪಂಚಾಯಿತಿಯಲ್ಲಿ, ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಹೊಲದಲ್ಲಿ ಕೆರೆಯ ಪ್ರಶ್ನೆಯನ್ನು ಎದುರಿಸುವವರು ಅವರೇ ಹೊರತು ಪಿಎಚ್.ಡಿ. ಮಾಡಿದವರಲ್ಲ. ಜೊತೆಗೆ, ತನ್ನ ಶಾಸ್ತ್ರದ ಮಿತಿ ಎಲ್ಲಿದೆ ಎಂಬುದು ಇನ್ನೊಂದು ಶಾಸ್ತ್ರದೊಂದಿಗೆ ಡಿಕ್ಕಿ ಹೊಡೆದಾಗಲೇ ಗೊತ್ತಾಗುವುದು. ಅದೂ ಆಳವೇ.

ಉದ್ಯೋಗದ ಆಕ್ಷೇಪ ಇದಕ್ಕಿಂತ ಗಟ್ಟಿ, ಅದನ್ನು ಆದರ್ಶದ ಮಾತಿನಿಂದ ತಳ್ಳಿಹಾಕುವುದು ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯ. ನಮ್ಮಲ್ಲಿ ಬಿ.ಎಡ್. ಪ್ರವೇಶ, ಪ್ರೌಢಶಾಲಾ ಶಿಕ್ಷಕರ ನೇಮಕಾತಿ, ನೆಟ್, ಕೆ–ಸೆಟ್ ಎಲ್ಲವೂ ವಿಷಯದ ಹೆಸರನ್ನೇ ಕೇಳುತ್ತವೆ. ಪದವಿಯಲ್ಲಿ ಯಾವ ಐಚ್ಛಿಕ ವಿಷಯಗಳಿದ್ದವು ಎಂಬುದರ ಮೇಲೆ ಅರ್ಜಿ ಸ್ವೀಕಾರವಾಗುತ್ತದೋ ತಿರಸ್ಕಾರವಾಗುತ್ತದೋ ಎಂಬುದು ನಿಂತಿದೆ. ಕೇಳಲು ಚೆಂದವಾದ ಹೊಸ ಹೆಸರಿನ ಪದವಿಯನ್ನು ಹಳ್ಳಿಯಿಂದ ಬಂದ ಹುಡುಗಿಯ ಕೈಗೆ ಕೊಟ್ಟು, ನಾಲ್ಕು ವರ್ಷದ ಮೇಲೆ ನೇಮಕಾತಿ ಅಧಿಸೂಚನೆಯಲ್ಲಿ ಆ ಹೆಸರೇ ಇಲ್ಲ ಎಂದಾದರೆ ಅದರ ಬೆಲೆ ತೆರುವವಳು ಅವಳು, ಪಠ್ಯಕ್ರಮ ಸಮಿತಿಯಲ್ಲ. ಆದ್ದರಿಂದ ಅಂಕಪಟ್ಟಿಯಲ್ಲಿ ವಿಷಯದ ಹೆಸರು ಇರಲೇಬೇಕು. ಬಿ.ಎಸ್ಸಿ. ಭೂವಿಜ್ಞಾನ ಮತ್ತು ರಸಾಯನಶಾಸ್ತ್ರ, ಬಿ.ಎ. ಇತಿಹಾಸ ಮತ್ತು ಅರ್ಥಶಾಸ್ತ್ರ ಎಂದೇ ಪದವಿ ಸಿಗಲಿ. ಸಂಧಿಸುವ ಪತ್ರಿಕೆಗಳು ಆ ವಿಷಯಗಳ ಕ್ರೆಡಿಟ್ಟಿನೊಳಗೇ ಸೇರಿರಲಿ. ಹೆಸರು ಬದಲಿಸುವ ಉತ್ಸಾಹಕ್ಕಿಂತ ಒಳಗಿನ ಜೋಡಣೆ ಬದಲಿಸುವ ತಾಳ್ಮೆ ಹೆಚ್ಚು ಉಪಕಾರಿ. ಮೂರು ವಿಷಯಗಳ ನಮ್ಮ ಹಳೆಯ ಪದವಿಯಲ್ಲಿ ಈ ಅನುಕೂಲ ಇದ್ದೇ ಇದೆ.

ಆಯ್ಕೆಯ ಸ್ವಾತಂತ್ರ್ಯದ ಹೆಸರಿನಲ್ಲಿ ಬರುವ ಆಕ್ಷೇಪಕ್ಕೆ ನಾನು ಅಷ್ಟು ತೂಕ ಕೊಡಲಾರೆ. ಹದಿನೆಂಟು ವರ್ಷದವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳಲಿ, ಪ್ರಶ್ನೆಯನ್ನು ನಾವೇಕೆ ಗೊತ್ತುಮಾಡಬೇಕು ಎನ್ನುವವರು, ಆರಿಸಿಕೊಂಡದ್ದನ್ನು ಜೋಡಿಸುವ ಕಷ್ಟದ ಕೆಲಸವನ್ನೂ ಅವರ ತಲೆಗೇ ಕಟ್ಟುತ್ತಾರೆ. ಮನೆಯಲ್ಲಿ ಪುಸ್ತಕವಿದ್ದವರಿಗೆ, ಓದಿದ ತಂದೆತಾಯಿ ಇದ್ದವರಿಗೆ ಅದು ಹೇಗೋ ಆದೀತು. ಮನೆತನದಲ್ಲೇ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಅದನ್ನು ಮಾಡಿ ತೋರಿಸುವುದು ಕಾಲೇಜಿನ ಕರ್ತವ್ಯ.

ಎಲ್ಲಕ್ಕಿಂತ ಕಷ್ಟದ್ದು ಅಧ್ಯಾಪಕರ ಪ್ರಶ್ನೆ, ಅದರ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕು. ರಾಜ್ಯದಲ್ಲಿ ನಾಲ್ಕುನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅವುಗಳ ಪಾಠದ ದೊಡ್ಡ ಭಾಗ ನಡೆಯುತ್ತಿರುವುದು ಅತಿಥಿ ಉಪನ್ಯಾಸಕರಿಂದ. ಮುಂದಿನ ವರ್ಷ ತಾವಿಲ್ಲಿರುತ್ತೇವೋ ಇಲ್ಲವೋ ಎಂದು ಗೊತ್ತಿಲ್ಲದವರಿಂದ. ಯುಜಿಸಿ ನಿಯಮದ ಪ್ರಕಾರ ಕಾಯಂ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು. ಇಬ್ಬರು ಅಧ್ಯಾಪಕರು ಒಂದೇ ತರಗತಿಯಲ್ಲಿ ಕೂತು ಒಂದು ಗಂಟೆ ಪಾಠ ಮಾಡಿದರೆ ಅದನ್ನು ಇಬ್ಬರ ಲೆಕ್ಕಕ್ಕೂ ಪೂರ್ತಿ ಗಂಟೆಯಾಗಿ ಬರೆಯಬೇಕೋ ಅರ್ಧರ್ಧವಾಗಿ ಬರೆಯಬೇಕೋ? ಇದು ಸಣ್ಣ ಗುಮಾಸ್ತಿಕೆಯ ಪ್ರಶ್ನೆಯಂತೆ ಕಂಡರೂ ಇಡೀ ಪದವಿಯ ಹಣೆಬರಹ ಇದರಲ್ಲಿದೆ. ಅರ್ಧರ್ಧ ಎಂದರೆ ಯಾವ ಅಧ್ಯಾಪಕರೂ ಇನ್ನೊಬ್ಬರ ತರಗತಿಗೆ ಹೋಗುವುದಿಲ್ಲ. ವರ್ಕ್‌ಲೋಡ್ ಕಡಿಮೆಯಾದರೆ ಹುದ್ದೆಯೇ ಬೇರೆ ಕಾಲೇಜಿಗೆ ಹೋಗುವ ಭಯ ನಿಜವಾದದ್ದು. ಪೂರ್ತಿ ಎಂದು ಒಂದು ಆದೇಶ ಹೊರಟರೆ, ಟೈಮ್‌ಟೇಬಲ್ಲಿನಲ್ಲಿ ವಾರಕ್ಕೆ ಎರಡು ಗಂಟೆಯ ಜಂಟಿ ತರಗತಿ ಮೊದಲ ಸಲ ಸಾಧ್ಯವಾಗುತ್ತದೆ. ಬರ್ಕ್ಲಿಯ ಪ್ರಯೋಗವನ್ನು ಮುಗಿಸಿದ್ದೂ ಎವರ್‌ಗ್ರೀನ್ ಕಾಲೇಜನ್ನು ಉಳಿಸಿದ್ದೂ ಇಂಥದೇ ಲೆಕ್ಕ. ಹಣ ಸಾಲದು ಎಂಬ ಮಾತಿಗೆ ನನ್ನ ಉತ್ತರ ಇಷ್ಟೇ: ಎಲ್ಲ ಕಾಲೇಜಿನಲ್ಲೂ ಎಲ್ಲ ವಿಷಯ ಬೇಕಿಲ್ಲ. ಇರುವ ಮೂರು ವಿಭಾಗಗಳು ತಮ್ಮ ತಾಲ್ಲೂಕಿನ ಒಂದು ಪ್ರಶ್ನೆಯನ್ನು ಹಿಡಿದರೆ ಸಾಕು. ಕರಾವಳಿಯ ಕಾಲೇಜಿಗೆ ಮೀನುಗಾರಿಕೆ, ಬಳ್ಳಾರಿಗೆ ಗಣಿ, ಮಲೆನಾಡಿಗೆ ಅಡಿಕೆ, ರಾಯಚೂರಿಗೆ ತುಂಗಭದ್ರೆಯ ಕಾಲುವೆಯ ಕೊನೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಹುಟ್ಟಿದ್ದು ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಸುತ್ತಿದ ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರಿಂದ. ಅಲ್ಲಿ ಗಿಡದ ಜೊತೆ ಸಾಹಿತ್ಯ, ಅಡುಗೆ, ಇತಿಹಾಸ ಎಲ್ಲ ತಾನಾಗಿ ಬರುತ್ತವೆ. ಕನ್ನಡದಲ್ಲಿ ಈ ಬಗೆಯ ಓದಿಗೆ ಪರಂಪರೆಯಿದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಅದನ್ನು ಕನ್ನಡದಲ್ಲೇ ಬರೆಯಲು ಬಿಟ್ಟರೆ ಬೌದ್ಧಿಕವಾಗಿ ಅವರೇನೂ ಹಿಂದೆ ಬೀಳುವುದಿಲ್ಲ.

ಪರೀಕ್ಷೆಯ ವಿಚಾರಕ್ಕೆ ಬಂದರೆ, ನಮ್ಮ ವಿದ್ಯಾರ್ಥಿಗಳು ಯಾವುದನ್ನು ಓದುತ್ತಾರೆ ಎಂಬುದನ್ನು ಸಿಲಬಸ್ಸಿಗಿಂತ ಪ್ರಶ್ನೆಪತ್ರಿಕೆ ನಿರ್ಧರಿಸುತ್ತದೆ ಎಂದು ಎಲ್ಲ ಅಧ್ಯಾಪಕರಿಗೂ ಗೊತ್ತು. ಹಾಗಾಗಿ ಪದವಿಯನ್ನು ಹಿಂದಿನಿಂದ ಮುಂದಕ್ಕೆ, ಅಂದರೆ ಕೊನೆಯ ಸೆಮಿಸ್ಟರಿನಿಂದ ಮೊದಲಿನದಕ್ಕೆ ಕಟ್ಟಬೇಕು. ಆರನೆಯ ಸೆಮಿಸ್ಟರಿನಲ್ಲಿ ಒಂದು ಜಂಟಿ ಪತ್ರಿಕೆ ಇರಲಿ. ಅದರ ಪ್ರಶ್ನೆಯನ್ನು ಎರಡು ವಿಭಾಗದವರು ಕೂತು ರೂಪಿಸಲಿ. ಉತ್ತರವನ್ನು ಇಬ್ಬರೂ ಮೌಲ್ಯಮಾಪನ ಮಾಡಲಿ. ವಿದ್ಯಾರ್ಥಿಯ ಕೈಗೆ ನೀರಿನ ಪರೀಕ್ಷೆಯ ಒಂದು ಕೋಷ್ಟಕ, ಒಂದು ಶಾಸನದ ಪಾಠ, ಪಂಚಾಯಿತಿಯ ಒಂದು ನಡಾವಳಿಯನ್ನು ಕೊಟ್ಟು ಇವು ಮೂರೂ ಒಪ್ಪುವುದೆಲ್ಲಿ, ತಗಾದೆ ತೆಗೆಯುವುದೆಲ್ಲಿ ಎಂದು ಕೇಳಲಿ. ಆ ಪ್ರಶ್ನೆಗೆ ಉತ್ತರಿಸಲು ಐದನೆಯ ಸೆಮಿಸ್ಟರಿನಲ್ಲಿ ಏನು ಬೇಕು, ಅದಕ್ಕೆ ಮೂರನೆಯದರಲ್ಲಿ ಏನು ಬೇಕು ಎಂದು ಇಳಿಯುತ್ತ ಬಂದರೆ ಮೊದಲ ವರ್ಷದ ಪತ್ರಿಕೆಗಳು ತಾವಾಗಿಯೇ ಗೊತ್ತಾಗುತ್ತವೆ. ಇಬ್ಬರು ಮೌಲ್ಯಮಾಪಕರ ಅಂಕಗಳ ನಡುವೆ ಅಂತರ ಬರುವುದು ಖಂಡಿತ. ಆ ಅಂತರದ ಬಗ್ಗೆ ಅವರಿಬ್ಬರೂ ಕೂತು ಮಾತಾಡಬೇಕಾಗಿ ಬಂದಾಗ, ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇತಿಹಾಸದ ಪ್ರಾಧ್ಯಾಪಕರೂ ರಸಾಯನಶಾಸ್ತ್ರದ ಪ್ರಾಧ್ಯಾಪಕರೂ ಒಳ್ಳೆಯ ಉತ್ತರ ಎಂದರೇನು ಎಂಬುದನ್ನು ಮೊದಲ ಬಾರಿಗೆ ಪರಸ್ಪರ ವಿವರಿಸಬೇಕಾಗುತ್ತದೆ. ಅಂಥ ಪತ್ರಿಕೆಯನ್ನು ಅನುಮೋದಿಸಲು ಈಗ ಯಾವ ಅಧ್ಯಯನ ಮಂಡಳಿಗೂ ಒಂಟಿಯಾಗಿ ಅಧಿಕಾರವಿಲ್ಲ. ಮುಂದಿನ ಪಠ್ಯಕ್ರಮ ಪರಿಷ್ಕರಣೆಗೆ ಸಮಿತಿ ಕೂರುವ ಮೊದಲು ಎರಡು ಮಂಡಳಿಗಳ ಜಂಟಿ ಸಭೆಗೆ ಅವಕಾಶ ಕೊಡುವ ನಿಯಮವೊಂದನ್ನು ವಿಶ್ವವಿದ್ಯಾಲಯದ ವಿದ್ಯಾವಿಷಯಕ ಪರಿಷತ್ತು ಮಾಡಿಕೊಂಡರೆ ಸಾಕು, ಕ್ರೆಡಿಟ್‌ಗಳ ಕೋಷ್ಟಕವನ್ನು ಆಮೇಲೆ ತುಂಬಬಹುದು.